ಆರು ಮೈಲಿಯ ಚೌಕ, ಒಂದು ನೀರಿನ ಕೊಳವೆ: ಮಿಶಿಗನ್‌ನ ಗ್ರೀನ್ ಟೌನ್‌ಶಿಪ್ ಪ್ರಕರಣ

ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನಿಂದ ಯುಎಸ್-131 ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಮೆಕೋಸ್ಟಾ ಕೌಂಟಿ ಸಿಗುತ್ತದೆ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ಅಲ್ಲಿ 131ನೇ ಎಕ್ಸಿಟ್‌ನಲ್ಲಿ ಇಳಿದರೆ ಸಿಗುವ ರಸ್ತೆಯ ಹೆಸರು 8 ಮೈಲ್ ರೋಡ್. ಇನ್ನೂ ಮುಂದೆ ಹೋಗಿ 142ನೇ ಎಕ್ಸಿಟ್‌ನಲ್ಲಿ ಇಳಿದರೆ 19 ಮೈಲ್ ರೋಡ್. ಕಳೆದು ನೋಡಿ. ಎರಡು ಎಕ್ಸಿಟ್‌ಗಳ ನಡುವೆ 11, ರಸ್ತೆಯ ಹೆಸರುಗಳ ನಡುವೆಯೂ 11. ಎಕ್ಸಿಟ್ ಸಂಖ್ಯೆ ಹೆದ್ದಾರಿಯ ಮೈಲಿ ಲೆಕ್ಕದ್ದು. ರಸ್ತೆಯ ಹೆಸರು ಕೌಂಟಿಯ ದಕ್ಷಿಣ ಗಡಿಯಿಂದ ಎಣಿಸಿಕೊಂಡು ಬಂದದ್ದು. ಅಷ್ಟು ನೇರವಾಗಿ ಅಳೆದು ಕತ್ತರಿಸಿದ ನೆಲ ಅದು.

ಆ 19 ಮೈಲ್ ರೋಡ್ ಹಾದುಹೋಗುವ ಗ್ರೀನ್ ಚಾರ್ಟರ್ ಟೌನ್‌ಶಿಪ್‌ನಲ್ಲಿ 2022ರಿಂದ 2025ರವರೆಗೆ ನಡೆದದ್ದೇ ಈ ಪ್ರಕರಣ. ಸುಮಾರು 3,200 ಜನರ ಊರು. ಅಲ್ಲಿಗೆ 236 ಕೋಟಿ ಡಾಲರಿನ ಬ್ಯಾಟರಿ ಸಾಮಗ್ರಿ ಕಾರ್ಖಾನೆ ಬರುತ್ತದೆ ಅಂತ ರಾಜ್ಯ ಸರ್ಕಾರ ಘೋಷಿಸಿತು. ಒಂದು ವರ್ಷ ಕಳೆದು ಸುಮಾರು ಒಂದು ತಿಂಗಳಿಗೆ ಆಡಳಿತ ಮಂಡಳಿಯ ಐದು ಮಂದಿಯನ್ನು ಜನ ಒಂದೇ ದಿನ ಮನೆಗೆ ಕಳಿಸಿದರು. ಕೊನೆಗೆ ಕಾರ್ಖಾನೆಯೂ ಬರಲಿಲ್ಲ.

ಕಾರ್ಖಾನೆ ಹಾಕಲು ಬಂದ ಗೋಷನ್ ಕಂಪನಿಯ ಮೂಲ ಚೀನಾದ್ದು. ಹಾಗಾಗಿ ಇದನ್ನು ಚೀನಾ ವಿರೋಧದ ಕಥೆ ಅಂತ ಓದುವವರೇ ಜಾಸ್ತಿ. ಆ ಅಂಶ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಇದನ್ನು ಓದುವುದು ಬೇರೆ ಥರ. ಅತಿ ದೊಡ್ಡ ತೀರ್ಮಾನವೊಂದನ್ನು ಮೇಲಿನವರು ಮಾಡಿ ಮುಗಿಸಿ, ಅದರ ಕೊನೆಯ ನಲ್ಲಿಯನ್ನು ಮಾತ್ರ ಅತಿ ಸಣ್ಣ ಸರ್ಕಾರದ ಕೈಲಿ ಬಿಟ್ಟರೆ ಏನಾಗುತ್ತದೆ? ಈ ಪ್ರಶ್ನೆಗೆ ಗ್ರೀನ್ ಟೌನ್‌ಶಿಪ್‌ಗಿಂತ ಸ್ಪಷ್ಟವಾದ ಉತ್ತರ ನನಗೆ ಬೇರೆಲ್ಲೂ ಕಂಡಿಲ್ಲ.

ನೆಲ

ಟೌನ್‌ಶಿಪ್ ಅಂದ ಕೂಡಲೇ ನಮಗೆ ನೆನಪಾಗುವುದು ಕಾರ್ಖಾನೆಯ ಕ್ವಾರ್ಟರ್ಸ್, ಸಾಲು ಮನೆ, ಗೇಟು. ಅಮೆರಿಕದ ಮಿಡ್‌ವೆಸ್ಟ್‌ನಲ್ಲಿ ಅದು ಮೊದಲು ಒಂದು ಚೌಕ. ಉದ್ದ ಆರು ಮೈಲಿ, ಅಗಲ ಆರು ಮೈಲಿ. 1785ರ ಭೂ ಕಾಯ್ದೆಯ ಪ್ರಕಾರ ಸರ್ವೆಯವರು 66 ಅಡಿಯ ಸರಪಳಿ ಎಳೆದುಕೊಂಡು ಕಾಡು, ಜೌಗು ಎಲ್ಲಾ ಅಳೆದರು. 80 ಸರಪಳಿಗೆ ಒಂದು ಮೈಲಿ. ಒಂದು ಚೌಕದೊಳಗೆ 36 ಸಣ್ಣ ಚೌಕಗಳು. ಒಂದೊಂದೂ 640 ಎಕರೆ, ಹೆಸರು ಸೆಕ್ಷನ್. ಇವುಗಳಿಗೆ ನಂಬರ್ ಹಾಕಿದ ರೀತಿ ನೋಡಿದರೆ ನಮ್ಮ ಹೊಲ ನೆನಪಾಗುತ್ತದೆ. ಈಶಾನ್ಯ ಮೂಲೆಯಲ್ಲಿ 1. ಅಲ್ಲಿಂದ ಪಶ್ಚಿಮಕ್ಕೆ 6ರವರೆಗೆ. ಆಮೇಲೆ ಕೆಳಗಿನ ಸಾಲಿಗೆ ಇಳಿದು ಪೂರ್ವಕ್ಕೆ ವಾಪಸ್. ಎತ್ತು ಸಾಲಿನ ಕೊನೆಯಲ್ಲಿ ತಿರುಗಿಕೊಂಡು ಬರುವ ಹಾಗೆ. 36ನೆಯದು ಆಗ್ನೇಯ ಮೂಲೆಯಲ್ಲಿ ಮುಗಿಯುತ್ತದೆ. 16ನೇ ಸೆಕ್ಷನ್ ಶಾಲೆಗೆ ಮೀಸಲು.

ಮೆಕೋಸ್ಟಾ ಕೌಂಟಿಯಲ್ಲಿ ಇಂಥ ಟೌನ್‌ಶಿಪ್‌ಗಳು 16. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು. ಚೌಕಾಬಾರದ ಮನೆ ಬರೆದಷ್ಟು ಅಚ್ಚುಕಟ್ಟು. ವಾಯವ್ಯ ಮೂಲೆಯದು ಗ್ರೀನ್. ಅದರ ಕೆಳಗೆ ಬಿಗ್ ರ‍್ಯಾಪಿಡ್ಸ್ ಟೌನ್‌ಶಿಪ್ ಮತ್ತು ಬಿಗ್ ರ‍್ಯಾಪಿಡ್ಸ್ ನಗರ. ಫೆರಿಸ್ ಸ್ಟೇಟ್ ವಿಶ್ವವಿದ್ಯಾಲಯ ಇರುವುದು ಅಲ್ಲೇ.

ಇಷ್ಟು ನೆಟ್ಟಗಿರುವ ನೆಲದಲ್ಲಿ ನೆಟ್ಟಗಿಲ್ಲದ್ದು ಮಸ್ಕೀಗನ್ ನದಿ. ಹೌಟನ್ ಕೆರೆಯ ಕಡೆಯಿಂದ ಹೊರಟು, ಗ್ರೀನ್ ಟೌನ್‌ಶಿಪ್ ಹಾದು, ಬಿಗ್ ರ‍್ಯಾಪಿಡ್ಸ್ ಊರೊಳಗೆ ಹರಿದು ಮಿಶಿಗನ್ ಸರೋವರ ಸೇರುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಕಡಿದ ಪೈನ್ ದಿಮ್ಮಿಗಳನ್ನು ಇದೇ ನದಿಯಲ್ಲಿ ತೇಲಿಬಿಡುತ್ತಿದ್ದರು. ಅದಕ್ಕೂ ಮೊದಲು ಇದು ಒಡಾವಾ, ಒಜಿಬ್ವೆ ಜನರ ನೆಲ. 1836ರ ವಾಷಿಂಗ್ಟನ್ ಒಪ್ಪಂದದಲ್ಲಿ ಅದು ಅವರ ಕೈ ಬಿಟ್ಟಿತು. ಆ ಒಪ್ಪಂದಕ್ಕೆ ಸಹಿ ಹಾಕಿದ ಮುಖಂಡರಲ್ಲಿ ಒಬ್ಬನ ಹೆಸರು ಮೆಕೋಸ್ಟಾ. ಕೌಂಟಿಗೆ ಇಂದಿಗೂ ಅದೇ ಹೆಸರು.

ಗ್ರೀನ್‌ನೊಳಗೆ ಪ್ಯಾರಿಸ್ ಅಂತ ಒಂದು ಪುಟ್ಟ ಊರಿದೆ. ನದಿ ಪಕ್ಕದ ಉದ್ಯಾನದಲ್ಲಿ ಹಳೆಯ ಮೀನುಮರಿ ಕೇಂದ್ರ ಇತ್ತು. ಅಲ್ಲೊಂದು ಐಫೆಲ್ ಗೋಪುರವೂ ಇದೆ, ಸುಮಾರು 20 ಅಡಿ ಎತ್ತರದ್ದು. ಮಂಚದ ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಮಾಡಿದ್ದು. ಆ ಊರಿನ ಅಳತೆ ತಿಳಿಯಲಿ ಅಂತ ಇದನ್ನು ಹೇಳಿದೆ. ಮಂಚದ ಪಟ್ಟಿಯಲ್ಲಿ ಗೋಪುರ ಕಟ್ಟಿ ಪ್ರೀತಿಯಿಂದ ಕಾಪಾಡಿಕೊಂಡ ಜಾಗ. ಅಲ್ಲಿಗೆ ಒಂದು ದಿನ 236 ಕೋಟಿ ಡಾಲರಿನ ಮಾತು ಬಂತು.

ಸರ್ಕಾರ ಎಷ್ಟು ಸಣ್ಣದು

ಮಿಶಿಗನ್‌ನಲ್ಲಿ 83 ಕೌಂಟಿಗಳು, 1,240 ಟೌನ್‌ಶಿಪ್‌ಗಳು. ನಗರದ ಮಿತಿಯೊಳಗೆ ಬರದ ನೆಲವೆಲ್ಲ ಒಂದಲ್ಲ ಒಂದು ಟೌನ್‌ಶಿಪ್‌ಗೆ ಸೇರಿದ್ದೇ. 1947ರ ಕಾಯ್ದೆಯಡಿ ಸ್ವಲ್ಪ ಹೆಚ್ಚಿನ ಅಧಿಕಾರ ಪಡೆದವಕ್ಕೆ ಚಾರ್ಟರ್ ಟೌನ್‌ಶಿಪ್ ಅನ್ನುತ್ತಾರೆ. ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ ಗೊತ್ತಿರಬಹುದು. ಕಾರು ಕಂಪನಿಗಳಲ್ಲಿ, ಐಟಿಯಲ್ಲಿ ಕೆಲಸ ಮಾಡುವ ಕನ್ನಡಿಗರೂ ಸೇರಿ ಬಹಳಷ್ಟು ಭಾರತೀಯರು ಅಲ್ಲಿದ್ದಾರೆ. ಸುಮಾರು 98,000 ಜನರ ಆ ಊರೂ ಕಾನೂನಿನ ಲೆಕ್ಕದಲ್ಲಿ ಚಾರ್ಟರ್ ಟೌನ್‌ಶಿಪ್ಪೇ. ಗ್ರೀನ್‌ಗೂ ಅದೇ ಹಣೆಪಟ್ಟಿ. ಮನೆಗೆ ಸಮ್ಮರ್ ಟ್ಯಾಕ್ಸ್, ವಿಂಟರ್ ಟ್ಯಾಕ್ಸ್ ಅಂತ ಎರಡು ಬಿಲ್ ಬರುತ್ತವಲ್ಲ, ಅವನ್ನು ಕಳಿಸುವುದು ಟೌನ್‌ಶಿಪ್‌ನ ಟ್ರೆಷರರ್.

ಬೋರ್ಡ್‌ನಲ್ಲಿ ಏಳು ಜನ. ಸೂಪರ್‌ವೈಸರ್, ಕ್ಲರ್ಕ್, ಟ್ರೆಷರರ್, ನಾಲ್ವರು ಟ್ರಸ್ಟಿಗಳು. ಹೆಸರು ಕೇಳಿ ಮೋಸ ಹೋಗಬೇಡಿ. ಸೂಪರ್‌ವೈಸರ್ ಅಂದರೆ ಮೇಸ್ತ್ರಿಯಲ್ಲ, ಬೋರ್ಡಿನ ಮುಖ್ಯಸ್ಥ. ಕ್ಲರ್ಕ್ ಅಂದರೆ ಗುಮಾಸ್ತೆಯಲ್ಲ, ಚುನಾವಣೆ ನಡೆಸುವವರು, ದಾಖಲೆ ಕಾಯುವವರು. ಎಲ್ಲರೂ ಜನರಿಂದ ಆಯ್ಕೆಯಾಗಿ ಬರಬೇಕು. ಅವಧಿ ನಾಲ್ಕು ವರ್ಷ.

ಕೆಲಸ ಏನು? ಆಸ್ತಿಗೆ ಬೆಲೆ ಕಟ್ಟುವುದು, ತೆರಿಗೆ ವಸೂಲು, ಚುನಾವಣೆ. ಕಡ್ಡಾಯ ಅಂದರೆ ಇವು ಮೂರೇ. ರಸ್ತೆ ಅವರದ್ದಲ್ಲ. 1931ರಲ್ಲೇ ಟೌನ್‌ಶಿಪ್ ರಸ್ತೆಗಳನ್ನು ಕೌಂಟಿಗೆ ವಹಿಸುವ ಕಾಯ್ದೆ ಬಂತು. ಶಾಲೆಗೆ ಬೇರೆ ಮಂಡಳಿ. ಪೊಲೀಸ್ ಅಂದರೆ ಹಳ್ಳಿಗಾಡಿನಲ್ಲಿ ಸಾಮಾನ್ಯವಾಗಿ ಕೌಂಟಿಯ ಶೆರಿಫ್. ಉಳಿದದ್ದು ಬೇಕಾದರೆ ಮಾಡಬಹುದು: ಅಗ್ನಿಶಾಮಕ, ಸ್ಮಶಾನ, ನೀರು, ಮತ್ತು ಬಹಳ ಮುಖ್ಯವಾಗಿ ಝೋನಿಂಗ್. ಯಾವ ಜಾಗದಲ್ಲಿ ಮನೆ, ಯಾವ ಜಾಗದಲ್ಲಿ ಹೊಲ, ಎಲ್ಲಿ ಕಾರ್ಖಾನೆ ಅಂತ ಗೆರೆ ಹಾಕುವ ಹಕ್ಕು.

ನೋಡಲು ಸಣ್ಣ ಪಟ್ಟಿ. ಆದರೆ ಆ ಸೀಮೆಯ ಜನ ಇದರ ಬೆಲೆ ಏನು ಅಂತ ಮೊದಲೇ ಕಂಡಿದ್ದರು. ಇದೇ ಕೌಂಟಿಯ ಸ್ಟ್ಯಾನ್‌ವುಡ್‌ನಲ್ಲಿ ನೆಸ್ಲೆ ಕಂಪನಿ ಐಸ್ ಮೌಂಟನ್ ಬಾಟಲಿ ನೀರಿನ ಘಟಕ ಹಾಕಿತ್ತು. ಒರತೆ ನೀರು ಎತ್ತುವುದರ ಮೇಲೆ 2001ರಲ್ಲಿ ನಾಗರಿಕರ ಗುಂಪು ಕೋರ್ಟಿಗೆ ಹೋಯಿತು. 2009ರಲ್ಲಿ ರಾಜಿಯಾಗುವವರೆಗೂ ಅದು ಎಳೆಯಿತು. ಆಮೇಲೆ ಪಕ್ಕದ ಕೌಂಟಿಯ ಒಸಿಯೋಲಾ ಟೌನ್‌ಶಿಪ್ ಸರದಿ. ನೀರನ್ನು ಮುಂದಕ್ಕೆ ತಳ್ಳಲು ನೆಸ್ಲೆಗೆ ಅಲ್ಲೊಂದು ಪುಟ್ಟ ಪಂಪ್ ಕಟ್ಟಡ ಬೇಕಿತ್ತು. ಟೌನ್‌ಶಿಪ್ ಝೋನಿಂಗ್ ಪರವಾನಗಿ ಕೊಡಲಿಲ್ಲ. ಕಂಪನಿ ದಾವೆ ಹೂಡಿತು. ಕೆಳ ಕೋರ್ಟ್ ಕಂಪನಿ ಪರ ಹೇಳಿತು. 2019ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಿರುಗಿಸಿತು. ಬಾಟಲಿಯಲ್ಲಿ ನೀರು ಮಾರುವುದು ಅತ್ಯಗತ್ಯ ಸಾರ್ವಜನಿಕ ಸೇವೆ ಅಲ್ಲ ಅಂತ ಹೇಳಿ ಟೌನ್‌ಶಿಪ್ ಪರ ನಿಂತಿತು. ಜಗತ್ತಿನ ಅತಿ ದೊಡ್ಡ ಆಹಾರ ಕಂಪನಿ ಒಂದು ಹಳ್ಳಿ ಬೋರ್ಡಿನ ಎದುರು ನಿಲ್ಲಬೇಕಾಯಿತು. ಗ್ರೀನ್‌ನಲ್ಲಿ ಬ್ಯಾಟರಿಯ ಮಾತು ಶುರುವಾದಾಗ ಈ ಸಂಗತಿಗೆ ಮೂರೇ ವರ್ಷ ವಯಸ್ಸು.

ಗುಟ್ಟು ಮತ್ತು ಘೋಷಣೆ

2022ರ ಅಕ್ಟೋಬರ್ 5ರಂದು ಗವರ್ನರ್ ಗ್ರೆಚೆನ್ ವಿಟ್ಮರ್ ಘೋಷಣೆ ಮಾಡಿದರು. ಕಂಪನಿ ಗೋಷನ್. ಕಚೇರಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ತಾಯಿ ಕಂಪನಿ ಚೀನಾದ ಹೆಫೆಯಲ್ಲಿ. ತಾಯಿ ಕಂಪನಿಯಲ್ಲಿ ಸುಮಾರು ಕಾಲು ಪಾಲು ಷೇರು ಜರ್ಮನಿಯ ಫೋಕ್ಸ್‌ವ್ಯಾಗನ್‌ದು. ವರ್ಷಕ್ಕೆ 1,50,000 ಟನ್ ಕ್ಯಾಥೋಡ್, 50,000 ಟನ್ ಆನೋಡ್ ಸಾಮಗ್ರಿ, ಅಂದರೆ ಬ್ಯಾಟರಿಯ ಎರಡು ಧ್ರುವಗಳಿಗೆ ಬೇಕಾದದ್ದು, ತಯಾರಿಸುವ ಯೋಜನೆ. 2,350 ಕೆಲಸ. ಊರಿನ ಜನಸಂಖ್ಯೆಯೇ ಸುಮಾರು 3,200, ನೆನಪಿಡಿ.

ಸರ್ಕಾರದ ಕಡೆಯಿಂದ ಕೊಡುಗೆ ಒಟ್ಟು 71.5 ಕೋಟಿ ಡಾಲರ್ ಬೆಲೆಯದು. ಅದರಲ್ಲಿ 54 ಕೋಟಿ 30 ವರ್ಷದ ತೆರಿಗೆ ವಿನಾಯಿತಿ. ಉಳಿದ 17.5 ಕೋಟಿ ನೇರ ಹಣ. ಆ ನೇರ ಹಣಕ್ಕೆ ರಾಜ್ಯದ ಸೆನೆಟ್ ಸಮಿತಿ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಾಗ ಮತ 10-9. ರಾಜಧಾನಿಯಲ್ಲೇ ಅಷ್ಟು ಬಿಗಿ ಇತ್ತು.

ಘೋಷಣೆಗೆ ಮೊದಲು ಮಾತುಕತೆ ನಡೆದದ್ದು ಗುಟ್ಟಾಗಿ. ಯೋಜನೆಗೆ 'ಪ್ರಾಜೆಕ್ಟ್ ಎಲಿಫೆಂಟ್' ಅಂತ ಗುಪ್ತ ಹೆಸರೂ ಇತ್ತು. ಕಾರ್ಖಾನೆ ಹುಡುಕಿ ತರುವವರಿಗೆ ಗುಟ್ಟು ಬೇಕು, ಅರ್ಥವಾಗುತ್ತದೆ. ಬೇರೆ ರಾಜ್ಯ ಎತ್ತಿಕೊಂಡು ಹೋದೀತು, ಜಮೀನಿನ ಬೆಲೆ ಏರೀತು ಅನ್ನುವ ಭಯ. ಆದರೆ ಟೌನ್‌ಶಿಪ್ ಬೇರೆ ಥರದ ಸರ್ಕಾರ. ಅಲ್ಲಿನ ಮೀಟಿಂಗ್ ಹೇಗಿರುತ್ತದೆ ಗೊತ್ತಾ? ಒಂದು ಉದ್ದ ಮೇಜು. ಎದುರಿಗೆ ಮಡಚುವ ಕುರ್ಚಿಗಳು. ರಾಜ್ಯದ ಬಹಿರಂಗ ಸಭೆ ಕಾಯ್ದೆಯ ಪ್ರಕಾರ ಯಾರು ಬೇಕಾದರೂ ಬರಬಹುದು, ಎದ್ದು ನಿಂತು ಮಾತಾಡಬಹುದು. ಸಾಮಾನ್ಯವಾಗಿ ಕೈಗೆ ಸಿಗುವುದು ಮೂರು ನಿಮಿಷ. ಮೇಜಿನ ಆ ಕಡೆ ಕೂತವರು ಈ ಕಡೆಯವರ ಅಕ್ಕಪಕ್ಕದ ಮನೆಯವರೇ. ನಾಯಿ ತಪ್ಪಿಸಿಕೊಂಡಿದ್ದಕ್ಕೂ, ಸ್ಮಶಾನದ ಹುಲ್ಲು ಕತ್ತರಿಸದ್ದಕ್ಕೂ ಎದುರಿಗೇ ನಿಂತು ಕೇಳುವ ರೂಢಿ. ಅಂಥ ಊರಿನಲ್ಲಿ ಇಷ್ಟು ದೊಡ್ಡ ವಿಷಯ ಮೊದಲು ಟಿವಿಯಲ್ಲಿ ಗೊತ್ತಾದರೆ ಜನಕ್ಕೆ ಹೇಗಾಗಬೇಡ! 'ನಮಗೇ ಹೇಳಲಿಲ್ವಲ್ಲ' ಅನ್ನುವ ನೋವು ಒಮ್ಮೆ ಹುಟ್ಟಿದರೆ ಆಮೇಲೆ ಎಷ್ಟು ವಿವರಣೆ ಕೊಟ್ಟರೂ ಅದು ಸಮಜಾಯಿಷಿಯಾಗಿಯೇ ಕೇಳಿಸುತ್ತದೆ. ನನ್ನ ಪ್ರಕಾರ ಪ್ರಕರಣ ಕೆಟ್ಟದ್ದು ಇಲ್ಲೇ.

ಜನರ ಪ್ರಶ್ನೆಗಳು ಎರಡು ಬಗೆಯವು. ಮೊದಲನೆಯದು ನೆಲ, ನೀರು. ನದಿ ಪಕ್ಕದಲ್ಲೇ ಇದೆ. ಹಳ್ಳಿಯ ಮನೆಗಳಿಗೆ ಬೋರ್‌ವೆಲ್ ನೀರೇ ಗತಿ. ರಾಸಾಯನಿಕ ಸೋರಿದರೆ? ಲಾರಿಗಳ ಸಾಲು ಹಳ್ಳಿ ರಸ್ತೆಯಲ್ಲಿ ಓಡಾಡಿದರೆ? ಎರಡನೆಯದು ಚೀನಾ. ತಾಯಿ ಕಂಪನಿಯ ನಿಯಮಾವಳಿಯಲ್ಲಿ ಕಮ್ಯುನಿಸ್ಟ್ ಪಕ್ಷದ ಘಟಕದ ಮಾತಿದೆ ಅನ್ನುವುದು ದೊಡ್ಡ ಸುದ್ದಿಯಾಯಿತು. ವಿದೇಶಿ ಹೂಡಿಕೆ ಪರಿಶೀಲಿಸುವ ಕೇಂದ್ರ ಸರ್ಕಾರದ ಸಮಿತಿಯ ಮುಂದೆ ಕಂಪನಿ ತಾನಾಗಿಯೇ ಹೋಯಿತು. ಈ ಜಮೀನು ಖರೀದಿ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ ಸಮಿತಿ ಹೇಳಿದೆ ಎಂದು ಕಂಪನಿ 2023ರ ಜೂನ್‌ನಲ್ಲಿ ತಿಳಿಸಿತು. ಅಂದರೆ ಕೇಂದ್ರದವರು ಕೈ ತೊಳೆದುಕೊಂಡರು. ರಾಜ್ಯದವರು ಹಣಕ್ಕೆ ಒಪ್ಪಿಗೆ ಕೊಟ್ಟಾಗಿತ್ತು. ದೇಶದ ಭದ್ರತೆಯ ಪ್ರಶ್ನೆ ಬಂದು ಕೂತದ್ದು ಟೌನ್‌ಶಿಪ್ ಸಭಾಂಗಣದ ಆ ಮಡಚುವ ಕುರ್ಚಿಗಳ ಮುಂದೆ. ಅದಕ್ಕೆ ಉತ್ತರ ಕೊಡುವ ಅಧಿಕಾರ, ಮಾಹಿತಿ ಎರಡೂ ಆ ಏಳು ಜನರ ಹತ್ತಿರ ಇರಲಿಲ್ಲ.

ಚೀನಾ ವಿಷಯ ಮೇಲೆ ಬಂದಷ್ಟೂ ನೀರಿನ ವಿಷಯ ಕೆಳಗೆ ಹೋಯಿತು. ಇದು ನನಗೆ ಬಹಳ ಬೇಸರ ತಂದ ಸಂಗತಿ. ಟೌನ್‌ಶಿಪ್ ನಿಜವಾಗಿ ಪರಿಶೀಲಿಸಬಹುದಾಗಿದ್ದದ್ದು ನೀರು, ಚರಂಡಿ, ರಸ್ತೆ, ಜಾಗದ ನಕ್ಷೆ. ಅವುಗಳ ಮೇಲೆ ಸಾವಧಾನವಾಗಿ ಕೂತು ಮಾತಾಡಲು ಯಾರಿಗೂ ಪುರುಸೊತ್ತೇ ಸಿಗಲಿಲ್ಲ.

ವಾಪಸ್ ಕರೆಸಿದ ದಿನ

ಆಗ ಸೂಪರ್‌ವೈಸರ್ ಆಗಿದ್ದವರು ಜಿಮ್ ಚಾಪ್ಮನ್, ರಿಪಬ್ಲಿಕನ್. ಸೊರಗುತ್ತಿರುವ ಹಳ್ಳಿಗೆ ಇದೊಂದು ಅವಕಾಶ ಅಂತ ನಂಬಿದ್ದವರು. ನಂಬಿಕೆ ಸುಳ್ಳಾಗಿತ್ತು ಅನ್ನಲು ನನ್ನ ಹತ್ತಿರ ಕಾರಣವಿಲ್ಲ. ಹಳ್ಳಿಯ ಮಕ್ಕಳು ಕೆಲಸ ಹುಡುಕಿಕೊಂಡು ಊರು ಬಿಡುವುದನ್ನು ನೋಡಿದ ಯಾರಿಗಾದರೂ 2,350 ಅನ್ನುವ ಸಂಖ್ಯೆ ಆಸೆ ಹುಟ್ಟಿಸುತ್ತದೆ.

ಮಿಶಿಗನ್‌ನಲ್ಲಿ ಆಯ್ಕೆಯಾದವರನ್ನು ವಾಪಸ್ ಕರೆಸುವ ಹಕ್ಕಿದೆ. ಸುಮ್ನೆ ಅರ್ಜಿ ಹಾಕಿದರೆ ಆಗುವುದಿಲ್ಲ. ಕಾರಣ ಸ್ಪಷ್ಟವಾಗಿದೆಯಾ, ವಾಸ್ತವಕ್ಕೆ ಸರಿಯಿದೆಯಾ ಅಂತ ಕೌಂಟಿಯ ಚುನಾವಣಾ ಸಮಿತಿ ನೋಡುತ್ತದೆ. ಆಮೇಲೆ ಸಹಿ ಸಂಗ್ರಹ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಆ ಊರಿನಲ್ಲಿ ಬಿದ್ದ ಮತದ ಕಾಲು ಭಾಗದಷ್ಟು ಸಹಿ ಬೇಕು. 2012ರ ತಿದ್ದುಪಡಿಯ ನಂತರ 'ಇವರನ್ನು ತೆಗೆಯಬೇಕಾ' ಅಂತ ಬೇರೆ ಮತ ಹಾಕುವುದಿಲ್ಲ. ಹಾಲಿ ಸದಸ್ಯರು ಮತ್ತು ಎದುರಾಳಿ ಒಂದೇ ಚೀಟಿಯಲ್ಲಿ ನಿಲ್ಲುತ್ತಾರೆ, ಗೆದ್ದವರು ಉಳಿದ ಅವಧಿ ಮುಗಿಸುತ್ತಾರೆ. ಇನ್ನೊಂದು ನಿಯಮವೂ ಇದೆ. ನಾಲ್ಕು ವರ್ಷದ ಅವಧಿಯ ಮೊದಲ ವರ್ಷ, ಕೊನೆಯ ವರ್ಷ ಈ ಅರ್ಜಿ ಹಾಕುವ ಹಾಗಿಲ್ಲ.

2023ರ ನವೆಂಬರ್ 7ರಂದು ಚುನಾವಣೆ. ಚೀಟಿಯಲ್ಲಿದ್ದ ಐದೂ ಹಾಲಿ ಸದಸ್ಯರು ಸೋತರು. ಸೂಪರ್‌ವೈಸರ್, ಕ್ಲರ್ಕ್, ಟ್ರೆಷರರ್, ಇಬ್ಬರು ಟ್ರಸ್ಟಿಗಳು. ಚಾಪ್ಮನ್ ಜಾಗಕ್ಕೆ ಜೇಸನ್ ಕ್ರೂಸ್ ಬಂದರು.

ಇದನ್ನು ಗುಂಪಿನ ಆವೇಶ ಅಂತ ತಳ್ಳಿಹಾಕುವುದು ಸರಿಯಲ್ಲ. ಕಾನೂನಿನಲ್ಲಿ ಇದ್ದ ಒಂದೇ ಬಾಗಿಲನ್ನು ಜನ ತಟ್ಟಿದರು. ತಿಂಗಳುಗಟ್ಟಲೆ ಮನೆಮನೆ ತಿರುಗಿ ಸಹಿ ಮಾಡಿಸುವುದು ಸುಲಭದ ಕೆಲಸವಲ್ಲ. ಆದರೆ ಆ ಬಾಗಿಲಿಗೆ ಒಂದು ಮಿತಿ ಇದೆ. ಅದು ಜನರನ್ನು ಬದಲಾಯಿಸುತ್ತದೆ, ಅವರು ಹಾಕಿದ ಸಹಿಯನ್ನು ಅಲ್ಲ.

ಕೊಳವೆ

ಕಂಪನಿ 2023ರ ಆಗಸ್ಟ್‌ನಲ್ಲೇ ಸುಮಾರು 270 ಎಕರೆ ಜಮೀನು ಕೊಂಡಿತ್ತು. ಇಡೀ ಟೌನ್‌ಶಿಪ್‌ನ 23,000 ಎಕರೆಯಲ್ಲಿ ಇದು ಶೇಕಡಾ ಒಂದಕ್ಕಿಂತ ಸ್ವಲ್ಪ ಹೆಚ್ಚು. ಹಳೆಯ ಬೋರ್ಡ್ ಕಂಪನಿಯ ಜೊತೆ ಅಭಿವೃದ್ಧಿ ಕರಾರನ್ನೂ ಮಾಡಿಕೊಂಡಿತ್ತು. ಕಾರ್ಖಾನೆಗೆ ಬೇಕಾದ ನೀರು ದಕ್ಷಿಣದ ಬಿಗ್ ರ‍್ಯಾಪಿಡ್ಸ್ ಕಡೆಯಿಂದ ಕೊಳವೆಯಲ್ಲಿ ಬರಬೇಕು. ಅದಕ್ಕೆ ಬೆಂಬಲ ಕೊಡುವ ಠರಾವೂ ಆಗಿತ್ತು.

ಹೊಸ ಬೋರ್ಡ್ ಬಂದ ಸ್ವಲ್ಪ ದಿನಕ್ಕೇ ಆ ಠರಾವನ್ನು ರದ್ದು ಮಾಡಿತು. ನೀರಿಲ್ಲದೆ ಕಾರ್ಖಾನೆಯಿಲ್ಲ. ರಾಜ್ಯದ ಕೋಟಿಗಟ್ಟಲೆ ಡಾಲರ್, ಹೆಫೆಯ ತಾಯಿ ಕಂಪನಿ, ಫೋಕ್ಸ್‌ವ್ಯಾಗನ್ ಪಾಲು ಎಲ್ಲವೂ ಒಂದು ಕೊಳವೆಯ ಮುಂದೆ ನಿಂತವು. ಟೌನ್‌ಶಿಪ್ ಸಣ್ಣದು ಅಂತ ಲೆಕ್ಕಕ್ಕೆ ಹಿಡಿಯದವರಿಗೆ ಅದರ ಬಲ ಎಲ್ಲಿದೆ ಅಂತ ಆಗ ಗೊತ್ತಾಯಿತು.

2024ರ ಮಾರ್ಚ್‌ನಲ್ಲಿ ಗೋಷನ್ ಕೇಂದ್ರ ಸರ್ಕಾರದ ಜಿಲ್ಲಾ ಕೋರ್ಟಿನಲ್ಲಿ ಟೌನ್‌ಶಿಪ್ ಮೇಲೆ ದಾವೆ ಹೂಡಿತು. ಕರಾರು ಮುರಿದಿದ್ದೀರಿ ಅಂತ ಆರೋಪ. ಮೇ ತಿಂಗಳಲ್ಲಿ ನ್ಯಾಯಾಧೀಶೆ ಜೇನ್ ಬೆಕರಿಂಗ್ ಕಂಪನಿ ಪರ ಮಧ್ಯಂತರ ಆದೇಶ ಕೊಟ್ಟರು. ಕೇಸು ನಡೆಯುವಷ್ಟು ಕಾಲ ಕರಾರಿನ ಪ್ರಕಾರ ನಡೆದುಕೊಳ್ಳಿ ಅಂತ ಅದರ ಸಾರ. ಟೌನ್‌ಶಿಪ್ ಮೇಲ್ಮನವಿ ಹಾಕಿತು. ಬೋರ್ಡಿನಲ್ಲಿ ಕೂತವರು ಬದಲಾದರೂ ಟೌನ್‌ಶಿಪ್ ಅನ್ನುವ ಸಂಸ್ಥೆ ಅದೇ ಅಲ್ವಾ? ಅದು ಕೊಟ್ಟ ಮಾತು ಅದರ ತಲೆಯ ಮೇಲೇ ಇರುತ್ತದೆ. ಹೊಸ ಬೋರ್ಡಿನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಸಹಿಯಾದ ಕರಾರಿನ ಮೇಲೆ ನೇರ ಕೈ ಹಾಕಿದ್ದು ತಪ್ಪು ಹೆಜ್ಜೆ ಅಂತಲೇ ನನ್ನ ಅಭಿಪ್ರಾಯ. ಮೂರು ಸಾವಿರ ಜನರ ತೆರಿಗೆಯಲ್ಲಿ ನಡೆಯುವ ಊರಿಗೆ ಕೇಂದ್ರ ಕೋರ್ಟಿನ ವಕೀಲರ ಫೀಸು ಸಣ್ಣ ಮಾತಲ್ಲ. ಝೋನಿಂಗ್ ಪರಿಶೀಲನೆ, ನೀರಿನ ಲೆಕ್ಕ, ಸುರಕ್ಷತೆಯ ಷರತ್ತು ಇವನ್ನು ಒಂದೊಂದಾಗಿ ಬಿಗಿಯಾಗಿ ಕೇಳುವ ದಾರಿ ಇತ್ತು. ಒಸಿಯೋಲಾ ಗೆದ್ದದ್ದು ತನ್ನದೇ ನಿಯಮದ ಪುಸ್ತಕ ಹಿಡಿದು. ಕೊಟ್ಟ ಮಾತನ್ನು ಹಿಂದಕ್ಕೆ ಪಡೆದು ಗೆದ್ದದ್ದಲ್ಲ.

ಅಷ್ಟರಲ್ಲಿ ಊರು ರಾಷ್ಟ್ರ ರಾಜಕೀಯದ ವೇದಿಕೆಯಾಗಿತ್ತು. ಆ ಭಾಗದ ಸಂಸದ ಜಾನ್ ಮೂಲೆನಾರ್ ಅಮೆರಿಕ ಸಂಸತ್ತಿನಲ್ಲಿ ಚೀನಾ ಕುರಿತ ವಿಶೇಷ ಸಮಿತಿಯ ಅಧ್ಯಕ್ಷರಾದರು. 2024ರ ಆಗಸ್ಟ್‌ನಲ್ಲಿ ಉಪಾಧ್ಯಕ್ಷ ಹುದ್ದೆಯ ಅಭ್ಯರ್ಥಿ ಜೆ.ಡಿ. ವ್ಯಾನ್ಸ್ ಬಿಗ್ ರ‍್ಯಾಪಿಡ್ಸ್ ಹತ್ತಿರ ಬಂದು ಈ ಕಾರ್ಖಾನೆಯ ವಿರುದ್ಧ ಭಾಷಣ ಮಾಡಿದರು.

2025ರ ಅಕ್ಟೋಬರ್ ಹೊತ್ತಿಗೆ ಕಂಪನಿ ಯೋಜನೆಯನ್ನು ಕೈಬಿಟ್ಟಿದೆ, ಕರಾರಿನ ಷರತ್ತು ತಪ್ಪಿದೆ ಅಂತ ರಾಜ್ಯ ಸರ್ಕಾರವೇ ಹೇಳಿತು. ಕೊಟ್ಟಿದ್ದ 2 ಕೋಟಿ 30 ಲಕ್ಷ ಡಾಲರಿಗೂ ಮಿಕ್ಕಿದ ಹಣವನ್ನು ವಾಪಸ್ ಕೇಳಿತು. ಇದೇ ಗೋಷನ್ ಕಂಪನಿ ಇಲಿನಾಯ್ ರಾಜ್ಯದ ಮ್ಯಾಂಟೀನೋ ಊರಿನಲ್ಲಿ 2023ರಲ್ಲಿ ಘೋಷಿಸಿದ ಬ್ಯಾಟರಿ ಘಟಕಕ್ಕೆ ಆರಿಸಿಕೊಂಡದ್ದು ಒಂದು ಹಳೆಯ ಗೋದಾಮನ್ನು. ಅಲ್ಲೂ ವಿರೋಧ ಬಂತು. ಆದರೆ ಅಲ್ಲಿ ಕಟ್ಟಡ ಮೊದಲೇ ಇತ್ತು, ಹೊಲ ಅಗೆಯಬೇಕಿರಲಿಲ್ಲ.

ಗ್ರೀನ್‌ನಲ್ಲಿ ಹಳೆಯ ಬೋರ್ಡ್ ಜನರನ್ನು ಯಾವಾಗ ಕೇಳಬೇಕಿತ್ತು ಅಂತ ಯೋಚಿಸಿದರೆ ನನಗೆ ಹೊಳೆಯುವುದು ಒಂದೇ ಹೊತ್ತು. ಆ 30 ವರ್ಷದ ತೆರಿಗೆ ವಿನಾಯಿತಿ ವಲಯಕ್ಕೆ ಸ್ಥಳೀಯ ಬೋರ್ಡಿನ ಒಪ್ಪಿಗೆ ಬೇಕು. ಅಂದರೆ ರಾಜ್ಯಕ್ಕೆ ಟೌನ್‌ಶಿಪ್‌ನ ಸಹಿ ಬೇಕಿತ್ತು. ಬೋರ್ಡಿನ ಕೈ ಮೇಲಿದ್ದದ್ದು ಆ ಸಹಿ ಹಾಕುವ ಮೊದಲು. ಆಗ ಕಂಪನಿಯ ಹೆಸರು, ನೀರಿನ ಪ್ರಮಾಣ, ರಾಸಾಯನಿಕಗಳ ಪಟ್ಟಿ ಇವನ್ನು ಮೇಜಿನ ಮೇಲಿಟ್ಟು ಎರಡು ಮೀಟಿಂಗ್ ಕರೆದಿದ್ದರೆ ಯೋಜನೆ ಅಲ್ಲೇ ಬಿದ್ದುಹೋಗಬಹುದಿತ್ತು, ಇಲ್ಲವೇ ಒಳ್ಳೆಯ ಷರತ್ತುಗಳೊಂದಿಗೆ ನಿಲ್ಲಬಹುದಿತ್ತು. ಎರಡರಲ್ಲಿ ಯಾವುದಾದರೂ ಅದು ಊರಿನ ತೀರ್ಮಾನ ಆಗಿರುತ್ತಿತ್ತು. ಐದು ಜನ ಹುದ್ದೆ ಕಳೆದುಕೊಳ್ಳುತ್ತಿರಲಿಲ್ಲ, ಅಕ್ಕಪಕ್ಕದವರು ಕೋರ್ಟಿನ ಎರಡು ಬದಿಗೆ ನಿಲ್ಲುತ್ತಿರಲಿಲ್ಲ.

ಠರಾವು, ದಾವೆ, ಆದೇಶ, ಮೇಲ್ಮನವಿ ಎಲ್ಲ ಆದವು. ಬಿಗ್ ರ‍್ಯಾಪಿಡ್ಸ್‌ನಿಂದ ಬರಬೇಕಿದ್ದ ಕೊಳವೆಗೆ ಮಾತ್ರ ಯಾರೂ ಮಣ್ಣು ಅಗೆಯಲಿಲ್ಲ.